ಗಾಳಿ ಹಾಕಿದ್ದು ಯಾರು?

ಹದಿನೈದು ನಿಮಿಷ ಬಾಯಿ ಮುಚ್ಚಿಕೊಂಡು ನಿಲ್ಲುವುದು ಏನು ಮಹಾ ಎಂದು ನಿಮಗೆ ಅನ್ನಿಸಬಹುದು. ನೀವು ಮಲ್ಲಿಯನ್ನು ನೋಡಿಲ್ಲ, ಅದಕ್ಕೆ. ಮಲ್ಲಿ ಎನ್ನುವುದು ಅವಳ ಹೆಸರೇನೂ ಅಲ್ಲ. ಯೂನಿವರ್ಸಿಟಿಗೆ ಸೇರಿದ ಮೊದಲ ವಾರವೇ ಕ್ಲಾಸಿನವರು ಮಾತಿನಮಲ್ಲಿ ಎಂದು ಹೆಸರಿಟ್ಟರು. ಅಷ್ಟುದ್ದ ಕರೆದು ಮುಗಿಸುವಷ್ಟರಲ್ಲಿ ಅವಳೇ ಹತ್ತು ಮಾತಾಡಿರುತ್ತಾಳೆ ಎಂದು ಎರಡನೇ ವಾರ ಅದನ್ನು ಮೊಟಕು ಮಾಡಿದರು. ಹಲ್ಲುಜ್ಜುವಾಗಲೂ ಮಾತಾಡುವ ಹುಡುಗಿ ಅವಳು. ಈ ಮಗು ಹುಟ್ಟಿದಾಗ ಅಳಲಿಲ್ಲ, ಯಾರನ್ನೋ ವಿಚಾರಿಸಿತು ಎಂದು ಅವಳ ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು.

ಇಂಥವಳ ಮುಂದಿನ ಬದುಕು ಈಗ ಬಾಯಿ ಮುಚ್ಚಿಕೊಂಡಿರುವುದರ ಮೇಲೆ ನಿಂತಿತ್ತು.

ಮಲ್ಲಿ ಓದುತ್ತಿದ್ದುದು ಕಂಪ್ಯೂಟರ್ ಸೈನ್ಸ್, ಎರಡನೇ ವರ್ಷ. ಮೂರನೇ ವರ್ಷಕ್ಕೆ ಕ್ಲಾಸು ಕವಲೊಡೆಯುತ್ತದೆ. ಹೆಚ್ಚಿನವರು ಬ್ಯಾಂಕು, ಆಸ್ಪತ್ರೆಗಳಿಗೆ ಬೇಕಾದ ಪ್ರೋಗ್ರಾಂ ಬರೆಯುವುದನ್ನು ಕಲಿಯುವ ಕಡೆ ಹೋಗುತ್ತಾರೆ. ಎಂಟೇ ಎಂಟು ಜನ ಮೂರನೇ ಮಹಡಿಯ ಗೇಮ್ ಸ್ಟುಡಿಯೋಗೆ ಹತ್ತುತ್ತಾರೆ. ಅಲ್ಲಿ ಒಂದು ವರ್ಷ ಪೂರ್ತಿ ಒಂದೇ ವಿಡಿಯೋ ಗೇಮ್ ಕಟ್ಟುವುದು, ಬೇರೆ ಪಾಠವೇ ಇಲ್ಲ. ಇಬ್ಬಿಬ್ಬರ ನಾಲ್ಕು ಜೋಡಿಗೆ ಜಾಗ, ಅರ್ಜಿ ಹಾಕಿದ್ದು ಹನ್ನೆರಡು ಜೋಡಿ. ಮಲ್ಲಿಗೆ ಆ ಜಾಗ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಎರಡನೇ ಮಹಡಿಯ ಕ್ಲಾಸಿಗೆ ಹೋಗಬೇಕಾದವಳು ದಿನಾ ಒಂದು ಮಹಡಿ ಹೆಚ್ಚಿಗೆ ಹತ್ತಿ, ಆ ಬಾಗಿಲನ್ನು ನೋಡಿ ಇಳಿದು ಬರುತ್ತಿದ್ದಳು.

ಈ ಹುಚ್ಚು ಹಿಡಿದದ್ದು ಮೊದಲ ವರ್ಷ. ಆರು ಸಾಲು ಪ್ರೋಗ್ರಾಂ ಬರೆದು ಒಂದು ಕೀಲಿ ಒತ್ತಿದ್ದಳು, ಪರದೆಯ ಮೇಲಿನ ಕೆಂಪು ಚೌಕ ಟಣ್ ಎಂದು ನೆಗೆದಿತ್ತು. ಅದರ ಜೊತೆಗೆ ಇವಳೂ ಕುರ್ಚಿ ಬಿಟ್ಟು ನೆಗೆದಿದ್ದಳು. “ನಾನು ಹೇಳಿದ್ದು ಕೇಳ್ತು ಕಣ್ರೇ!” ಎಂದು ಇಡೀ ಲ್ಯಾಬಿಗೆ ಸಾರಿದ್ದಳು. ಮನೆಯಲ್ಲಿ ಅವಳು ದಿನಕ್ಕೆ ಸಾವಿರ ಹೇಳುತ್ತಿದ್ದಳು, ಕೇಳುವವರು ಯಾರೂ ಇರಲಿಲ್ಲ. ಈ ಚೌಕವಾದರೋ ಹೇಳಿದಷ್ಟೂ ನೆಗೆಯಿತು, ಸಂಜೆವರೆಗೆ ನೆಗೆಯಿತು. ಅಲ್ಲಿಂದ ಮುಂದೆ ಹುಡುಗಿಯ ಕಾಲು ನೆಲದ ಮೇಲೆ ನಿಂತಿಲ್ಲ.

ಅವಳ ಅಮ್ಮ ಟವರ್ ಕ್ರೇನ್ ಆಪರೇಟರ್. ಎತ್ತರದ ಕಟ್ಟಡ ಕಟ್ಟುವಾಗ ಅದರ ಪಕ್ಕದಲ್ಲಿ ಇನ್ನೂ ಎತ್ತರಕ್ಕೆ ನಿಂತಿರುತ್ತದಲ್ಲ, ಉದ್ದ ತೋಳಿನ ಯಂತ್ರ, ಅದರ ತುದಿಯ ಗಾಜಿನ ಗೂಡಿನಲ್ಲಿ ಕೂತು ಹದಿನೆಂಟು ವರ್ಷದಿಂದ ಕಬ್ಬಿಣ, ಸಿಮೆಂಟು ಎತ್ತುತ್ತಿದ್ದಾಳೆ. ದಿನವಿಡೀ ವಾಕಿಟಾಕಿಯಲ್ಲಿ ಅವಳ ಬಾಯಿಂದ ಬರುವುದು ಮೂರೇ ಮಾತು: ಎತ್ತಿದೆ, ನಿಲ್ಲಿಸಿದೆ, ಇಳಿಸಿದೆ. ಮನೆಗೆ ಬಂದರೂ ಅದೇ ಲೆಕ್ಕ. ಮಗಳ ಓದಿನ ಬಗ್ಗೆ ಮಾತ್ರ ನಾಲ್ಕನೇ ಮಾತು ಆಡುತ್ತಿದ್ದಳು.

“ಆಟ ಆಡೋಕೂ ಯೂನಿವರ್ಸಿಟಿ ಬೇಕಾ? ನಾವೆಲ್ಲ ಬೀದೀಲೇ ಕಲಿತ್ವಲ್ಲ.”

“ಆಡೋಕಲ್ಲಮ್ಮ, ಮಾಡೋಕೆ.”

“ನೀನು ಮಾಡಿದ್ಮೇಲೆ ಯಾರೋ ಆಡ್ತಾರೆ ತಾನೆ? ನಿನ್ನ ಟೈಮ್ ಹಾಳಾಗೋದಲ್ದೆ ಅವರದ್ದೂ ಹಾಳು.”

ಕೊನೆಗೆ ಅಮ್ಮ ಒಂದು ಮಾತಿಗೆ ಬಂದಿದ್ದಳು. ಸ್ಟುಡಿಯೋದಲ್ಲಿ ಜಾಗ ಸಿಕ್ಕಿದರೆ ಸರಿ. ಸಿಗದಿದ್ದರೆ ಗೊಣಗದೆ ಬ್ಯಾಂಕು, ಆಸ್ಪತ್ರೆಯ ಕಡೆ ಹೋಗಬೇಕು, ಮುಂದೆ ಮನೆಯಲ್ಲಿ ಆಟದ ಸುದ್ದಿ ಎತ್ತಬಾರದು. ಮಲ್ಲಿ “ಆಯ್ತು ಬಿಡು, ಅದೇನು ದೊಡ್ಡ ವಿಷಯ” ಎಂದು ಜಂಬದಿಂದ ಒಪ್ಪಿದ್ದಳು. ಒಪ್ಪಿ ಸ್ನಾನದ ಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತಿದ್ದಳು.

ಆಟವೇನೋ ತಯಾರಾಗಿತ್ತು. ಐದು ತಿಂಗಳು ಮಲ್ಲಿ ಪ್ರೋಗ್ರಾಂ ಬರೆದಿದ್ದಳು, ಅವಳ ಜೋಡಿಯಾದ ಗೊಂಬೆ ಎಂಬುವಳು ಚಿತ್ರ ಬರೆದಿದ್ದಳು. ಗೊಂಬೆ ಎಂದರೆ ಸದಾ ಕೈಯಲ್ಲಿ ಪೆನ್ಸಿಲ್ ಹಿಡಿದು ಕಂಡವರನ್ನೆಲ್ಲ ಗೊಂಬೆ ಮಾಡಿ ಬರೆಯುವ ಹುಡುಗಿ. ಮಲ್ಲಿ ಆಡುವ ಮಾತಿನಲ್ಲಿ ಹತ್ತರಲ್ಲಿ ಒಂದು ಪಾಲನ್ನೂ ಅವಳು ಆಡಳು, ಅದಕ್ಕೇ ಇಬ್ಬರದೂ ಹೊಂದಿಕೆಯಾಗಿತ್ತು. ಅವರ ಆಟದಲ್ಲಿ ಆಡುವವರು ಕ್ರೇನಿನ ಗೂಡಿನಲ್ಲಿ ಕೂತು ಮೂರು ಹೊರೆಗಳನ್ನು ಮೇಲಿನ ಮಹಡಿಗೆ ಮುಟ್ಟಿಸಬೇಕು: ಕಂಬಿಯ ಕಟ್ಟು, ನೀರಿನ ಟ್ಯಾಂಕು, ಕೊನೆಗೆ ಒಂದು ದೊಡ್ಡ ಗಾಜು. ಹೌದು, ಅಮ್ಮನ ಕೆಲಸವನ್ನೇ ಮಲ್ಲಿ ಎತ್ತಿಕೊಂಡಿದ್ದಳು. ಸುರಕ್ಷತೆಯ ತರಬೇತಿಗೆಂದು ಅಮ್ಮ ಫೋನಿನಲ್ಲಿ ಹಿಡಿದಿದ್ದ ವಿಡಿಯೋಗಳನ್ನು ಕದ್ದು ನೋಡಿ, ನೋಡಿ, ಲಿವರುಗಳ ಬಣ್ಣವನ್ನೂ ಬಿಡದೆ ಗೊಂಬೆಯಿಂದ ಬರೆಸಿದ್ದಳು. ಅಮ್ಮನ ಮುಂದೆ ಮಾತ್ರ ಉಸಿರೆತ್ತಿರಲಿಲ್ಲ. ಜಗತ್ತಿಗೆಲ್ಲ ಹೇಳಿ ಅಮ್ಮನೊಬ್ಬಳಿಗೆ ಹೇಳದೆ ಐದು ತಿಂಗಳು ಇಟ್ಟುಕೊಂಡ ಗುಟ್ಟು ಅದೊಂದೇ. ಅಮ್ಮ ನೋಡಿ ನಕ್ಕುಬಿಟ್ಟರೆ ಎಂಬ ಹೆದರಿಕೆ.

ಇನ್ನು ಪರೀಕ್ಷೆ. ಆ ವಿಭಾಗದಲ್ಲಿ ಅದಕ್ಕೆ ಬಾಯಿಬೀಗದ ಪರೀಕ್ಷೆ ಎಂದೇ ಹೆಸರು. ಆಟ ಎಂದರೇನೆಂದು ಗೊತ್ತಿಲ್ಲದ ಒಬ್ಬರನ್ನು ಮನೆಯಿಂದ ಕರೆತಂದು ಕೂರಿಸಬೇಕು. ಅವರು ಹದಿನೈದು ನಿಮಿಷದಲ್ಲಿ ಆಡಿ ಮುಗಿಸಬೇಕು. ಮಾಡಿದವರು ಎರಡು ಹೆಜ್ಜೆ ಹಿಂದೆ ನಿಂತು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬಹುದು. ಮಾತಾಡುವ ಹಾಗಿಲ್ಲ, ಕೆಮ್ಮುವ ಹಾಗಿಲ್ಲ, ಕೈ ತೋರಿಸಿದರೂ ಕಥೆ ಮುಗಿಯಿತು. ವಿಭಾಗದ ಮೇಡಂ ಇದನ್ನು ಪ್ರತಿ ವರ್ಷ ಒಂದೇ ಧಾಟಿಯಲ್ಲಿ ವಿವರಿಸುತ್ತಿದ್ದರು: “ನಿಮ್ಮ ಆಟ ಸಾವಿರ ಮನೆಗೆ ಹೋಗುತ್ತೆ. ಜೊತೆಗೆ ನೀವೂ ಹೋಗಿ ‘ಅಲ್ಲಿ ಒತ್ತಿ, ಇಲ್ಲಿ ಒತ್ತಿ’ ಅಂತ ಹೇಳ್ತಾ ಕೂತ್ಕೊಳೋಕಾಗುತ್ತಾ?”

ಮನೆಯಲ್ಲಿ ಆಟವೇ ಆಡದವರು ಯಾರೆಂದು ಮಲ್ಲಿ ಎಣಿಸಿದಳು. ಅಣ್ಣ ಆಟದಲ್ಲೇ ಮುಳುಗಿ ಏಳುವವನು. ಅಪ್ಪ ಫೋನಿನಲ್ಲಿ ಬಣ್ಣದ ಗೋಲಿ ಒಡೆಯುವ ಆಟದಲ್ಲಿ ಎಂಟುನೂರನೇ ಹಂತ ದಾಟಿದ್ದ, ಅದನ್ನು ಬಸ್ಸಿನಲ್ಲಿ ಅಪರಿಚಿತರಿಗೂ ತೋರಿಸುತ್ತಿದ್ದ. ಅಜ್ಜಿಗೆ ಕಣ್ಣಿನ ಆಪರೇಷನ್ ಆಗಿ ಇನ್ನೂ ವಾರವಷ್ಟೇ ಆಗಿತ್ತು. ಉಳಿದವಳು ಅಮ್ಮ.

“ಒಂದು ಗಂಟೆ ಬಂದು ಕೂತ್ಕೊ ಸಾಕು,” ಎಂದು ಮಲ್ಲಿ ಬೇಡಿಕೊಂಡಳು. “ಏನು ಆಟ ಅಂತ ಮಾತ್ರ ಕೇಳ್ಬೇಡ.”

“ರಜಾ ದಿನಾನೂ ಡ್ಯೂಟಿ ಹಾಕ್ತೀಯಲ್ಲೇ,” ಎಂದಳು ಅಮ್ಮ. ಬರುವುದಿಲ್ಲ ಎನ್ನಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಲ್ಯಾಬಿಗೆ ಕಾಲಿಟ್ಟರೆ ಹೊಸ ಪ್ಲಾಸ್ಟಿಕ್ಕಿನ ವಾಸನೆ. ಹಿಂದಿನ ದಿನ ಸಂಜೆಯಷ್ಟೇ ಹಳೇ ಕಂಪ್ಯೂಟರುಗಳನ್ನೆಲ್ಲ ತೆಗೆದು ಹೊಸವನ್ನು ಇಟ್ಟಿದ್ದರು. ಪರದೆಗಳ ಮೇಲಿನ ತೆಳು ಹಾಳೆಯನ್ನೂ ಕೆಲವುಗಳಿಂದ ಕಿತ್ತಿರಲಿಲ್ಲ. ಮಲ್ಲಿಗೆ ಹಿಗ್ಗೋ ಹಿಗ್ಗು. “ನೋಡೇ ಗೊಂಬೆ, ನಮ್ಮ ಡಕೋಟಾ ಲ್ಯಾಪ್‌ಟಾಪಲ್ಲೇ ಅಷ್ಟು ಚೆನ್ನಾಗಿ ಓಡಿದ್ದು, ಇದ್ರಲ್ಲಿ ಬೆಣ್ಣೆ ಹಾಗೆ ಓಡುತ್ತೆ!” ಎಂದು ಕುಣಿದಳು. ಇದೇ ಕೊನೆಯ ಅವಕಾಶ ಎನ್ನುವಂತೆ, ಹನ್ನೆರಡನೆಯದಾದ ತಮ್ಮ ಸರದಿ ಬರುವವರೆಗೂ ಮಾತಾಡುತ್ತಲೇ ಇದ್ದಳು.

ಅವರಿಗಿಂತ ಮುಂಚಿನ ಜೋಡಿಗೆ ಆಡಲು ಬಂದಿದ್ದವರು ಒಬ್ಬ ಚಿಕ್ಕಮ್ಮ. ಏನೂ ತಿಳಿಯದೆ ಹನ್ನೆರಡು ನಿಮಿಷ ಒಂದೇ ಗೋಡೆಗೆ ಡಿಕ್ಕಿ ಹೊಡೆದು, ಎದ್ದು, “ತುಂಬಾ ಚೆನ್ನಾಗಿದೆ ಕಂದ” ಎಂದರು. ಹೆತ್ತವರಿಗೆ ಹೆಗ್ಗಣ ಮುದ್ದು, ಚಿಕ್ಕಮ್ಮಂದಿರಿಗೂ ಅಷ್ಟೇ. ಆ ಜೋಡಿಯ ಹುಡುಗ ತಡೆಯಲಾರದೆ “ಬಲಕ್ಕೆ ಚಿಕ್ಕಿ, ಬಲಕ್ಕೆ!” ಎಂದು ಕೂಗಿ ಅಲ್ಲಿಗೇ ಮುಗಿಸಿಕೊಂಡಿದ್ದ. ಮಲ್ಲಿ ಅದನ್ನು ನೋಡಿ ತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು.

ಅಮ್ಮ ಕುರ್ಚಿಯಲ್ಲಿ ಕೂತಳು. ಎದುರಿಗೆ ಪರದೆ, ಕೈಯಲ್ಲಿ ಕಂಟ್ರೋಲರ್, ಅದರ ಮೇಲೆ ಎರಡು ಹೆಬ್ಬೆರಳಿಗೆ ಎರಡು ಪುಟ್ಟ ಲಿವರು. ಒಂದು ಪಕ್ಕದಲ್ಲಿ ಮೇಡಂ, ಇನ್ನೊಂದು ಪಕ್ಕದಲ್ಲಿ ಯಾವುದೋ ಗೇಮ್ ಕಂಪನಿಯಿಂದ ತೀರ್ಪಿಗೆಂದು ಬಂದಿದ್ದ ಗಡ್ಡದವರು. ಗಡಿಯಾರ ಶುರುವಾಯಿತು.

ಪರದೆ ಬೆಳಗಿತು. ಗಾಜಿನ ಗೂಡು, ಕೆಳಗೆ ಬೆಂಕಿಪೊಟ್ಟಣದಷ್ಟು ಲಾರಿಗಳು, ಮುಂದೆ ಚಾಚಿದ ಹಳದಿ ತೋಳು. ಅಮ್ಮ ಮುಂದಕ್ಕೆ ಬಾಗಿದಳು.

“ಇದು ನನ್ನ ಕ್ಯಾಬಿನ್ ಅಲ್ವಾ?”

ಅವಳು ಹಿಂದೆ ತಿರುಗಲು ಹೋದಳು. ಮೇಡಂ ಮೆಲ್ಲಗೆ “ಹಿಂದೆ ನೋಡೋ ಹಾಗಿಲ್ಲ ಅಮ್ಮ” ಎಂದರು. ಮಲ್ಲಿಯ ಮುಖ ಕೆಂಪೇರಿತು. ಹೌದಮ್ಮ, ನಿನ್ನದೇ, ಆ ಬಲಗಡೆ ನೀನು ನೇತುಹಾಕೋ ನೀರಿನ ಬಾಟಲೀನೂ ಇದೆ ನೋಡು ಎಂದು ಬಾಯಿ ತುದಿಗೆ ಬಂದದ್ದನ್ನು ನುಂಗಿದಳು.

ಅಮ್ಮ ಲಿವರು ಮುಟ್ಟಲಿಲ್ಲ. ಏನನ್ನೋ ಹುಡುಕಿದಳು. “ಹಾರ್ನ್ ಎಲ್ಲಿದೆ? ಹೊರೆ ಎತ್ತೋ ಮುಂಚೆ ಹಾರ್ನ್ ಹೊಡೀಬೇಕು, ಕೆಳಗೆ ಜನ ಇರ್ತಾರೆ.” ಆಟದಲ್ಲಿ ಹಾರ್ನ್ ಇರಲಿಲ್ಲ. ಐದು ತಿಂಗಳು ವಿಡಿಯೋ ನೋಡಿದ ಮಲ್ಲಿಗೆ ಆ ಶಬ್ದ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿದ ಅಮ್ಮ, ಬೇರೆ ದಾರಿ ಕಾಣದೆ, ಬಾಯಲ್ಲೇ “ಪೋಂ, ಪೋಂ” ಎಂದು ಗಟ್ಟಿಯಾಗಿ ಕೂಗಿದಳು. ಲ್ಯಾಬೆಲ್ಲ ನಕ್ಕಿತು. ಅಮ್ಮ ನಗಲಿಲ್ಲ.

ಆಮೇಲೆ ಕಂಬಿಯ ಕಟ್ಟನ್ನು ನೆಲದಿಂದ ಒಂದು ಗೇಣು ಎತ್ತಿ ಸುಮ್ಮನೆ ನಿಲ್ಲಿಸಿಕೊಂಡಳು. ಹೊರೆ ಸರಿಯಾಗಿ ಕಟ್ಟಿದ್ದಾರೋ ಇಲ್ಲವೋ ನೋಡಬೇಕಂತೆ. ಅರ್ಧ ನಿಮಿಷ ಹೋಯಿತು. ಇದು ಆಟ ಅಮ್ಮಾ, ಕಟ್ಟು ಬಿಚ್ಚಿಕೊಳ್ಳೋದಿಲ್ಲ, ಎತ್ತು ಮೇಲೆ! ಮಲ್ಲಿ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ ಊರಿ ಎಷ್ಟು ಒತ್ತಿದಳೆಂದರೆ ಮೊನೆ ಮುರಿಯಿತು.

ಕೊನೆಗೆ ಅಮ್ಮ ತೋಳು ತಿರುಗಿಸಿದಳು. ಆಗ ನಡೆಯಿತು ಅದು.

ಕೊಕ್ಕೆಗೆ ನೇತಾಡುತ್ತಿದ್ದ ಕಂಬಿಯ ಕಟ್ಟು ಹುಚ್ಚು ಹಿಡಿದ ಹಾಗೆ ತೂಗತೊಡಗಿತು. ಮಲ್ಲಿಯ ಲ್ಯಾಪ್‌ಟಾಪಿನಲ್ಲಿ ಅದು ತೊಟ್ಟಿಲಿನಂತೆ ತೂಗುತ್ತಿತ್ತು. ಇಲ್ಲಿ ಕತ್ತು ಕೊಡವಿ ಓಡುವ ಕರುವಿನಂತೆ ಆ ಕಡೆಗೂ ಈ ಕಡೆಗೂ ಬಡಿದಾಡಿತು. ಏನಾಯಿತೆಂದು ಮಲ್ಲಿಗೆ ಮೂರು ಸೆಕೆಂಡಿನಲ್ಲಿ ಗೊತ್ತಾಯಿತು. ಗೊತ್ತಾಗದೇ ಇದ್ದಿದ್ದರೆ ಚೆನ್ನಾಗಿತ್ತು.

ಪರದೆಯ ಮೇಲೆ ವಸ್ತುಗಳು ಓಡಾಡುವ ಹಾಗೆ ಕಾಣುವುದು, ಕಂಪ್ಯೂಟರ್ ಆ ಚಿತ್ರವನ್ನು ಸೆಕೆಂಡಿಗೆ ಹತ್ತಾರು ಸಲ ಹೊಸದಾಗಿ ಬರೆಯುವುದರಿಂದ. ಅವಳ ಹಳೇ ಲ್ಯಾಪ್‌ಟಾಪು ಏದುಸಿರು ಬಿಡುತ್ತ ಸೆಕೆಂಡಿಗೆ ಮೂವತ್ತು ಸಲ ಬರೆಯುತ್ತಿತ್ತು. ಲ್ಯಾಬಿನ ಹಳೇ ಯಂತ್ರಗಳದ್ದೂ ಅದೇ ಗತಿ. ಈ ಹೊಸ ಯಂತ್ರ ನೂರಿಪ್ಪತ್ತು ಸಲ ಬರೆಯುತ್ತದೆ. ಆದ್ದರಿಂದ ‘ಒಂದೊಂದು ಚಿತ್ರಕ್ಕೂ ಇಷ್ಟಿಷ್ಟು ಸರಿ’ ಎಂದು ಪ್ರೋಗ್ರಾಂ ಬರೆಯಬಾರದು, ‘ಗಡಿಯಾರ ನೋಡಿಕೊಂಡು ಸೆಕೆಂಡಿಗೆ ಇಷ್ಟು ಸರಿ’ ಎಂದು ಬರೆಯಬೇಕು. ಆಟ ಕಟ್ಟುವವರಿಗೆ ಇದು ಮೊದಲನೇ ಪಾಠ. ಮಲ್ಲಿ ಈ ತಪ್ಪು ಮಾಡಿದ ಕಿರಿಯರನ್ನು ಸಾಲಾಗಿ ನಿಲ್ಲಿಸಿ ಗೇಲಿ ಮಾಡಿದವಳು. ಕ್ರೇನಿನ ತೋಳು, ಕೊಕ್ಕೆ, ಲಾರಿ ಎಲ್ಲವನ್ನೂ ಗಡಿಯಾರಕ್ಕೇ ಕಟ್ಟಿದ್ದಳು. ಹಗ್ಗ ತೂಗುವುದನ್ನು ಮಾತ್ರ ಮೊದಲ ವರ್ಷ, ಆ ಪಾಠಕ್ಕೂ ಮುಂಚೆ, ಉತ್ಸಾಹದಲ್ಲಿ ಬರೆದಿಟ್ಟಿದ್ದಳು. ಚೆನ್ನಾಗಿ ತೂಗುತ್ತದಲ್ಲ ಎಂದು ಅದನ್ನೇ ತಂದು ಇಲ್ಲಿ ಅಂಟಿಸಿದ್ದಳು, ಒಳಗೆ ಇಣುಕಿಯೂ ನೋಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ಈಗ ಹಗ್ಗ ನಾಲ್ಕು ಪಟ್ಟು ಜೋರಾಗಿ ತೂಗುತ್ತಿತ್ತು.

ಆ ಹೊರೆಯನ್ನು ಇಟ್ಟುಕೊಂಡು ಆಡಿ ಮುಗಿಸುವುದು ಅವಳ ಅಣ್ಣನ ಕೈಲೂ ಆಗುತ್ತಿರಲಿಲ್ಲ. ಮುಗಿಯಿತು, ಬ್ಯಾಂಕೇ ಗತಿ ಎಂದುಕೊಂಡಳು ಮಲ್ಲಿ. ಕಣ್ಣು ತುಂಬಿ ಬಂತು.

ಅಮ್ಮ ಮಾತ್ರ ಶಾಂತವಾಗಿ, “ಓಹೋ, ಗಾಳಿ ಜೋರಾಗಿದೆ,” ಎಂದಳು.

ಅಷ್ಟೇ ಅವಳು ಅಂದದ್ದು. ಕಂಟ್ರೋಲರ್ ಹಿಡಿದ ಕೈ ಬದಲಾಯಿತು. ಅಲ್ಲಿಯವರೆಗೆ ಆಟಿಕೆ ಹಿಡಿದ ಹಾಗೆ ಹಿಡಿದಿದ್ದವಳು ಮೊಣಕೈಗಳನ್ನು ಮೈಗೆ ಒತ್ತಿ, ಬೆನ್ನು ಕುರ್ಚಿಗೆ ಕೊಟ್ಟು ಕೂತಳು. ಹೊರೆ ಬಲಕ್ಕೆ ತೂಗಿದಾಗ ಎಡಕ್ಕೆ ಎಳೆಯಲಿಲ್ಲ, ಬೇರೆ ಯಾರಾದರೂ ಆಗಿದ್ದರೆ ಅದನ್ನೇ ಮಾಡುತ್ತಿದ್ದರು. ಅವಳು ಕೊಕ್ಕೆಯನ್ನೂ ಬಲಕ್ಕೇ ಬಿಟ್ಟು, ಹೊರೆಯ ನೆತ್ತಿಯ ಮೇಲೆ ತಂದು ನಿಲ್ಲಿಸಿದಳು. ತೂಗಾಟ ಅರ್ಧಕ್ಕರ್ಧ ಸತ್ತುಹೋಯಿತು. ಇನ್ನೊಂದು ಸಲ ಹಾಗೇ ಮಾಡಿದಳು. ಹೊರೆ ಮಗುವಿನ ಹಾಗೆ ತೆಪ್ಪಗಾಯಿತು. ಗಡ್ಡದವರು ಕುರ್ಚಿಯಿಂದ ಅರ್ಧ ಎದ್ದರು.

ಕಂಬಿ ಮೇಲೆ ಹೋಯಿತು. ಟ್ಯಾಂಕೂ ಹೋಯಿತು. ಪ್ರತಿ ಸಲವೂ ಅಮ್ಮ “ಪೋಂ, ಪೋಂ” ಎನ್ನುವುದನ್ನು ಬಿಡಲಿಲ್ಲ. ಎರಡನೇ ಸಲಕ್ಕೆ ಹಿಂದಿನ ಸಾಲಿನಲ್ಲಿದ್ದ ಯಾವುದೋ ಜೋಡಿಯ ತಾತನೂ ಜೊತೆಗೆ ಪೋಂ ಎಂದರು. ಇಪ್ಪತ್ತು ವರ್ಷ ಜೊತೆಗಿದ್ದರೂ ಅಮ್ಮ ಕೆಲಸ ಮಾಡುವುದನ್ನು ಮಲ್ಲಿ ಕಣ್ಣೆದುರಿಗೇ ನೋಡುತ್ತಿದ್ದುದು ಇದೇ ಮೊದಲು. ಹೆಮ್ಮೆಯಿಂದ ಎದೆ ಒಡೆದುಹೋಗುತ್ತದೇನೋ ಅನ್ನಿಸಿತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ಇವಳು ಗಿಡದ ಕಡೆ ತಿರುಗಿಯೂ ನೋಡಿರಲಿಲ್ಲ.

ಗಾಜಿನ ಸರದಿ ಬಂದಾಗ ಮೂರು ನಿಮಿಷ ಬಾಕಿ. ಅಮ್ಮ ಗಾಜನ್ನು ಅರ್ಧಕ್ಕೆ ಎತ್ತಿದಳು, ಅದು ಬಡಿದಾಡಿತು. ಅಮ್ಮ ಅದನ್ನು ಮೆಲ್ಲಗೆ ನೆಲಕ್ಕೆ ಇಳಿಸಿ, ಕಂಟ್ರೋಲರನ್ನು ತೊಡೆಯ ಮೇಲಿಟ್ಟು, ಕೈಕಟ್ಟಿ ಕೂತುಬಿಟ್ಟಳು.

“ಈ ಗಾಳೀಲಿ ಗಾಜು ಯಾರೂ ಎತ್ತಲ್ಲ,” ಎಂದಳು. “ಗಾಳಿ ಇಳೀಲಿ.”

ಗಡಿಯಾರ ಓಡುತ್ತಿತ್ತು. ಎರಡೂವರೆ ನಿಮಿಷ. ಎರಡು. ಗಾಳಿ ಎಲ್ಲಿಂದ ಇಳಿಯಬೇಕು, ಇದ್ದರೆ ತಾನೆ! ಮಲ್ಲಿಯ ಹೊಟ್ಟೆಯೊಳಗೆ ಮಾತುಗಳು ಒಂದರ ಮೇಲೊಂದು ಬಿದ್ದು ಒದ್ದಾಡಿದವು. ಎತ್ತು ಅಮ್ಮಾ, ಎತ್ತೇ, ನಿನ್ನ ದಮ್ಮಯ್ಯ! ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು. ಗೊಂಬೆ ಅವಳ ಜಡೆಯನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿದುಕೊಂಡಳು, ಬಾಯಿಗೆ ಬೀಗ ಅಲ್ಲಿದೆ ಎನ್ನುವ ಹಾಗೆ. ಒಂದೂಕಾಲು ನಿಮಿಷ.

ಯಾರೂ ಮುಟ್ಟದೆ ಬಿಟ್ಟಿದ್ದ ಹಗ್ಗ ತಾನಾಗಿ ಪೂರ್ತಿ ನಿಂತಿತು. ಅಮ್ಮ ಅದನ್ನು ನೋಡಿ ತಲೆಯಾಡಿಸಿ, “ಹೂಂ, ಈಗ ಬಾ,” ಎಂದು ಲಿವರು ಮುಟ್ಟಿದಳು. ಒತ್ತಲಿಲ್ಲ, ಬರೀ ಮುಟ್ಟಿದಳು. ಚೂರು, ಇನ್ನೊಂದು ಚೂರು. ಗಾಜು ಅಲುಗಾಡದೆ ಮೇಲೇರಿತು, ತೋಳು ಇಂಚಿಂಚಾಗಿ ತಿರುಗಿತು, ಗಾಜು ಹೋಗಿ ಹದಿನೆಂಟನೇ ಮಹಡಿಯ ಚೌಕಟ್ಟಿನ ಮುಂದೆ ಕೂತಿತು. ಪರದೆಯ ಮೇಲೆ ಹಸಿರು ದೀಪ ಹತ್ತಿತು. ಇನ್ನೂ ಹನ್ನೊಂದು ಸೆಕೆಂಡು ಉಳಿದಿತ್ತು.

ಲ್ಯಾಬು ಚಪ್ಪಾಳೆಯಿಂದ ತುಂಬಿಹೋಯಿತು. ಹಿಂದಿನ ಸಾಲಿನ ತಾತ ಎದ್ದು ನಿಂತು ಪೋಂ ಪೋಂ ಎಂದರು. ಗಡ್ಡದವರು ಮೇಡಂ ಕಡೆ ವಾಲಿ, ಎಲ್ಲರಿಗೂ ಕೇಳುವ ಹಾಗೆ, “ಏನ್ ಗಾಳಿ ಮೇಡಂ ಅದು! ಇಂಥ ಗಾಳಿ ನಾನು ದೊಡ್ಡ ದೊಡ್ಡ ಆಟದಲ್ಲೂ ನೋಡಿಲ್ಲ. ಎರಡನೇ ವರ್ಷದ ಹುಡುಗೀರು ಇದನ್ನ ಹಾಕಿದ್ದಾರೆ ಅಂದ್ರೆ ನಂಬೋಕಾಗಲ್ಲ,” ಎಂದರು.

ಗೊಂಬೆ ಮಲ್ಲಿಯ ಕಿವಿಗೆ ಬಾಯಿಟ್ಟು, ಕಣ್ಣರಳಿಸಿ ಕೇಳಿದಳು: “ಯಾವಾಗ ಹಾಕ್ದೆ ಗಾಳಿ? ನಂಗೆ ಹೇಳಲೇ ಇಲ್ವಲ್ಲೇ ಕಳ್ಳಿ!”

ಆಗ ಮಲ್ಲಿಗೆ ಬಾಯಿ ತೆರೆಯಲು ಅನುಮತಿ ಸಿಕ್ಕಿತ್ತು. ತಮಾಷೆ ನೋಡಿ, ಆಗಲೇ ಅವಳ ನಾಲಿಗೆ ಏಳಲಿಲ್ಲ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಸುಮ್ಮನೆ ಒಂದು ನಗೆ ನಕ್ಕು, “ಥ್ಯಾಂಕ್ಸ್ ಸರ್” ಎಂದರೆ ಸಾಕು, ಮೂರನೇ ಮಹಡಿಯ ಬಾಗಿಲು ತೆರೆದ ಹಾಗೆ. ಒಬ್ಬಳದೇ ಆಗಿದ್ದರೆ ಬೇರೆ ಮಾತು. ಗೊಂಬೆಯ ಜಾಗವೂ ಇದರಲ್ಲೇ ಇತ್ತು, ಗೊಂಬೆಯ ತಪ್ಪು ಎಳ್ಳಷ್ಟೂ ಇರಲಿಲ್ಲ.

ಅವಳು ಗೊಂಬೆಯನ್ನು ಮೂಲೆಗೆ ಎಳೆದು ಪಿಸುಗುಟ್ಟಿದಳು. “ಅದು ಗಾಳಿ ಅಲ್ಲ ಕಣೇ. ಹಗ್ಗದ್ದು ಗಡಿಯಾರಕ್ಕೆ ಕಟ್ಟಿಲ್ಲ. ನನ್ನ ತಪ್ಪು.”

ಗೊಂಬೆಯ ಮುಖ ಇಳಿಯಿತು. ಸ್ವಲ್ಪ ಹೊತ್ತು ಪೆನ್ಸಿಲನ್ನು ತಿರುಗಿಸಿದಳು. ಆಮೇಲೆ, “ಹೇಳಿಬಿಡು,” ಎಂದಳು. “ಹೇಳ್ದೆ ಒಳಗೆ ಹೋದ್ರೆ ವರ್ಷಪೂರ್ತಿ ನಂಗೆ ಹೊಟ್ಟೆನೋವು ಬರುತ್ತೆ.”

ಮಲ್ಲಿ ಮುಂದೆ ಬಂದು ನಿಂತಳು. ಹತ್ತು ಮಾತಿನಲ್ಲಿ ಹೇಳುವುದನ್ನು ನೂರು ಮಾತಿನಲ್ಲಿ ಹೇಳುವ ಹುಡುಗಿ, ಅವತ್ತು ಲೆಕ್ಕ ಮಾಡಿದ ಹಾಗೆ ಹೇಳಿದಳು. “ಸರ್, ಅದು ಗಾಳಿಯಲ್ಲ. ನಾವು ಗಾಳಿ ಹಾಕೇ ಇಲ್ಲ. ಹಗ್ಗದ ತೂಗಾಟ ನಾನು ಚಿತ್ರದ ಲೆಕ್ಕದಲ್ಲಿ ಬರೆದಿದ್ದೆ, ಹೊಸ ಯಂತ್ರಕ್ಕೆ ನಾಲ್ಕು ಪಟ್ಟಾಯ್ತು. ಅಮ್ಮ ಗಾಳಿ ಅಂದ್ಕೊಂಡು ಆಡಿದ್ಳು. ಗೊಂಬೆಗೆ ಇದು ಗೊತ್ತಿರಲಿಲ್ಲ.”

ಗಡ್ಡದವರು ಗಡ್ಡ ಕೆರೆದುಕೊಂಡರು. “ನಾನು ಕೇಳಿರಲಿಲ್ಲವಲ್ಲಮ್ಮ. ಸುಮ್ನಿದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು?”

ಇದಕ್ಕೆ ಉತ್ತರ ಕೊಟ್ಟದ್ದು ಅಮ್ಮ. ಕುರ್ಚಿಯಲ್ಲೇ ತಿರುಗಿ ಕೂತು, “ನಮ್ಮಲ್ಲಿ ಹೊರೆ ಎಲ್ಲಾದ್ರೂ ತಾಗಿದ್ರೆ ತಕ್ಷಣ ಹೇಳ್ಬೇಕು ಸರ್. ಮೇಲೆ ಕೂತೋರು ಮುಚ್ಚಿಟ್ರೆ ಕೆಳಗೆ ನಿಂತೋರು ಸಾಯ್ತಾರೆ,” ಎಂದಳು. ಎಷ್ಟು ಗಂಟೆ ಎಂದು ಕೇಳಿದ್ದಕ್ಕೆ ಹೇಳುವಂತೆ ಹೇಳಿದಳು. ಮಲ್ಲಿಗೆ ಮಾತ್ರ ಬೆನ್ನ ಮೇಲೆ ಕೈಯಿಟ್ಟ ಹಾಗಾಯಿತು.

ಮೇಡಂ ಮುಂದೆ ಆಯ್ಕೆಯಾದವರ ಪಟ್ಟಿ ಇತ್ತು, ಅದರಲ್ಲಿ ಏನೋ ಬರೆದುಕೊಂಡರು. ಪಟ್ಟಿಯನ್ನು ಬೋರಲು ಹಾಕಿ, “ಸರಿಮಾಡು. ಇಲ್ಲೇ, ಈಗಲೇ,” ಎಂದರು.

ಮಲ್ಲಿ ಕೂತಳು. ಎಲ್ಲಿ ತಪ್ಪಿದೆಯೆಂದು ಗೊತ್ತಿದ್ದ ಮೇಲೆ ಕೆಲಸವೇನು ದೊಡ್ಡದು? ಎರಡು ಸಾಲು ಅಳಿಸಿದಳು, ಎರಡು ಸಾಲು ಬರೆದಳು. ಅಮ್ಮ ಮತ್ತೆ ಆಡಿದಳು. ಈಗ ಹಗ್ಗ ಹೇಗೆ ತೂಗಬೇಕೋ ಹಾಗೆ, ತೊಟ್ಟಿಲಿನಂತೆ ತೂಗಿತು. ಮೂರು ಹೊರೆಯೂ ನಾಲ್ಕೇ ನಿಮಿಷದಲ್ಲಿ ಮೇಲೆ ಹೋಯಿತು. ಅಮ್ಮ ಆಕಳಿಸಿದಳು.

“ಸಪ್ಪೆ,” ಎಂದಳು. “ಗಾಳೀನೇ ಚೆನ್ನಾಗಿತ್ತು.”

ಈ ಸಲ ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಡಂ. “ನಿಜವಾದ ಗಾಳಿ ಹೇಗಿರುತ್ತೆ ಅಮ್ಮ ಅಲ್ಲಿ ಮೇಲೆ?” ಎಂದು ಕೇಳಿದರು. ಸುಮ್ಮನೆ ಕೇಳಿದ್ದು. ಆದರೆ ಈ ಪ್ರಶ್ನೆಯನ್ನು ಹದಿನೆಂಟು ವರ್ಷದಲ್ಲಿ ಅಮ್ಮನಿಗೆ ಯಾರೂ ಕೇಳಿರಲಿಲ್ಲ, ಮನೆಯಲ್ಲಂತೂ ಕೇಳಿಯೇ ಇರಲಿಲ್ಲ.

“ಗಾಳಿ ಒಂದೇ ಥರ ಇರಲ್ಲ ಮೇಡಂ,” ಎಂದು ಶುರು ಮಾಡಿದಳು. ಮಲ್ಲಿಯ ಕೈಯಿಂದ ನೋಟ್‌ಬುಕ್ ತೆಗೆದುಕೊಂಡು ಕಟ್ಟಡ ಬರೆದಳು, ಬಾಣ ಬರೆದಳು. ಕೆಳಗೆ ಎಲೆ ಅಲುಗಾಡದಿದ್ದರೂ ಮೇಲೆ ಗೂಡು ಅಲುಗಾಡುತ್ತದೆ. ಎರಡು ಕಟ್ಟಡಗಳ ನಡುವಿನ ಸಂದಿಯಲ್ಲಿ ಗಾಳಿ ಇಕ್ಕಟ್ಟಾಗಿ ಎರಡರಷ್ಟು ಜೋರಾಗುತ್ತದೆ. ಬೆಳಿಗ್ಗೆ ಹತ್ತರ ಗಾಳಿಗೂ ಮಧ್ಯಾಹ್ನ ಮೂರರ ಗಾಳಿಗೂ ಸ್ವಭಾವವೇ ಬೇರೆ. ಗೋಡೆಯ ಮೂಲೆ ದಾಟುವಾಗ ಹೊರೆಯನ್ನು ಒಂದು ಕ್ಷಣ ತಡೆಯಬೇಕು, ಅಲ್ಲೇ ಅದು ಹೊಂಚು ಹಾಕಿರುತ್ತದೆ. ಪಾಳಿಗೆ ಮೂರು ಮಾತಿನವಳು ನಿಲ್ಲಿಸುವ ಲಕ್ಷಣವೇ ಕಾಣಲಿಲ್ಲ. ಗಡ್ಡದವರು ಕುರ್ಚಿ ಎಳೆದುಕೊಂಡು ಬಂದರು, ತಾತ ಬಂದರು, ಗೋಡೆಗೆ ಡಿಕ್ಕಿ ಹೊಡೆದಿದ್ದ ಚಿಕ್ಕಮ್ಮನೂ ಬಂದರು. ಮಲ್ಲಿ ಬಾಯಿಬಿಟ್ಟುಕೊಂಡು ಕೇಳುತ್ತಿದ್ದಳು. ಒಂದೊಂದು ಬಾಣ ನೋಡಿದಾಗಲೂ ಅದನ್ನು ಹೇಗೆ ಬರೆಯಬೇಕೆಂದು ಅವಳ ತಲೆಯಲ್ಲಿ ಸಾಲುಗಳು ಓಡುತ್ತಿದ್ದವು, ಈಗಲೇ ಕೂತು ಬರೆಯಬೇಕೆಂದು ಬೆರಳು ತುರಿಸುತ್ತಿದ್ದವು.

ಅಮ್ಮ ತಟ್ಟನೆ ನಿಲ್ಲಿಸಿ ಮಗಳ ಕಡೆ ತಿರುಗಿದಳು. “ಇಷ್ಟನ್ನೂ ಆಟದಲ್ಲಿ ಹಾಕೋಕಾಗುತ್ತಾ?”

“ಆಗುತ್ತೆ.”

“ಎಷ್ಟು ದಿನ ಬೇಕು?”

ಮಲ್ಲಿ ಸುಳ್ಳು ಹೇಳಲಿಲ್ಲ. “ಒಂದು ವರ್ಷ ಬೇಕಮ್ಮ.”

“ಹೊಸಬರು ಮೇಲೆ ಹತ್ತೋ ಮುಂಚೆ ಇದ್ರಲ್ಲಿ ಕೈ ಪಳಗಿಸ್ಕೋಬಹುದು ಅಲ್ವಾ?” ಎಂದಳು ಅಮ್ಮ. ಅದನ್ನು ಯಾರನ್ನೂ ಕೇಳಿದ್ದಲ್ಲ, ತನಗೇ ಹೇಳಿಕೊಂಡದ್ದು. ಆಮೇಲೆ ಕಂಟ್ರೋಲರನ್ನು ಮೇಜಿನ ಮೇಲೆ ಜೋಪಾನವಾಗಿ ಇಟ್ಟು, ಎದ್ದು ನಿಂತು, ಮೇಡಂ ಬೋರಲು ಹಾಕಿದ್ದ ಪಟ್ಟಿಯ ಕಡೆ ನೋಡಿದಳು.

“ಹಾಗಾದ್ರೆ ಆ ಜಾಗ ಇವರಿಗೆ ಬೇಕಲ್ಲ ಮೇಡಂ.”

ಮಲ್ಲಿಗೆ ಮೊದಲು ಅದು ಅಮ್ಮನ ದನಿ ಎಂದೇ ಅನ್ನಿಸಲಿಲ್ಲ. ಮೇಡಂ ಪಟ್ಟಿಯನ್ನು ಮಗುಚಿ ಹಾಗೇ ಮುಂದೆ ಸರಿಸಿದರು. ನಾಲ್ಕನೇ ಸಾಲಿನಲ್ಲಿ ಅವರಿಬ್ಬರ ಹೆಸರು ಆಗಲೇ ಬರೆದಿತ್ತು. “ಇವಳು ಬಾಯಿ ಬಿಟ್ಟ ಕೂಡ್ಲೇ ಬರೆದೆ,” ಎಂದರು ಮೇಡಂ. “ತಪ್ಪು ಎಲ್ಲರೂ ಮಾಡ್ತಾರೆ. ಬೇರೆಯವರು ಮೆಚ್ಚಿಕೊಂಡಿರೋ ತಪ್ಪನ್ನ ತಪ್ಪು ಅಂತ ಒಪ್ಪಿಕೊಳ್ಳೋರು ನನಗೆ ವರ್ಷಕ್ಕೆ ಒಬ್ಬರೂ ಸಿಗಲ್ಲ.”

ಗೊಂಬೆ ಜೀವಮಾನದಲ್ಲೇ ಮೊದಲ ಸಲ ಕಿರುಚಿದಳು. ಮಲ್ಲಿ ಅಮ್ಮನ ಕೊರಳಿಗೆ ಜೋತುಬಿದ್ದು ಅತ್ತಳು, ನಕ್ಕಳು, ಎರಡನ್ನೂ ಒಟ್ಟಿಗೇ ಮಾಡಿದಳು. ಅಮ್ಮ ಅವಳ ಬೆನ್ನು ತಟ್ಟುತ್ತ, “ಸರಿ, ಸರಿ, ಬಿಡೇ, ಮೊದಲು ಹಾರ್ನ್ ಹಾಕು,” ಎಂದು ಮತ್ತೆ ನೋಟ್‌ಬುಕ್ಕಿಗೆ ಬಾಗಿದಳು. ಮಳೆ ಬರುವ ಮುಂಚಿನ ಗಾಳಿಯ ವಿಷಯ ಹೇಳುವುದು ಇನ್ನೂ ಬಾಕಿ ಇತ್ತು.